ಓಣಿಗೊಂದು ಸಭೆ ಬೇಕು

ಬಾಗಲಕೋಟೆ ಜಿಲ್ಲೆಯ ಬೀಳಗಿಯಂಥ ಊರಿನ ಯಾವುದಾದರೂ ಓಣಿಯಲ್ಲಿ ನಿಂತು ಸುತ್ತ ನೋಡಿ. ತಲೆಯ ಮೇಲಿನ ಕಂಬ, ತಂತಿ ವಿದ್ಯುತ್ ಕಂಪನಿ ಹೆಸ್ಕಾಂನವು. ಆ ಕಂಬಕ್ಕೆ ಕಟ್ಟಿದ ಬಲ್ಬು, ಅದು ಉರಿದದ್ದರ ಬಿಲ್ಲು ಪಟ್ಟಣ ಪಂಚಾಯಿತಿಯವು. ನೆಲದಡಿಯ ದೊಡ್ಡ ಪೈಪಿನ ಕೆಲಸ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯದು. ಕೆಲಸ ಮುಗಿಸಿ ಒಪ್ಪಿಸಿದ ಮೇಲೆ ನೀರು ಬಿಡುವುದು, ಸೋರಿದಲ್ಲಿ ಅಗೆದು ಮುಚ್ಚುವುದು ಪಂಚಾಯಿತಿಯ ಪಾಲು. ಓಣಿ ಹೋಗಿ ಊರ ನಡುವಿನ ದೊಡ್ಡ ರಸ್ತೆಯನ್ನು ಕೂಡಿತೆಂದರೆ ಅಲ್ಲಿಂದ ಮುಂದೆ ಲೋಕೋಪಯೋಗಿ ಇಲಾಖೆಯ ನೆಲ. ಇಷ್ಟೊಂದು ಒಡೆಯರಿದ್ದರೂ ಮಳೆಗಾಲದಲ್ಲಿ ಗಟಾರ ಕಟ್ಟಿ ಹೊಲಸು ನೀರು ಹೊಸ್ತಿಲಿಗೆ ಬಂದಾಗ ಜನ ಬಡಿಯುವ ಬಾಗಿಲು ಒಂದೇ, ವಾರ್ಡಿನ ಮೆಂಬರರ ಮನೆಯದು. 'ಏನ್ರೀ ಮೆಂಬರ್ರ, ಓಟ್ ಕೇಳಾಕ ಬಂದಾಗ ಈ ಗಟಾರ ಕಾಣ್ಲಿಲ್ಲೇನ್ರಿ?' ಎಂಬ ಮಾತನ್ನು ಕೇಳಿಸಿಕೊಳ್ಳದ ಮೆಂಬರು ನಮ್ಮ ಕಡೆ ಯಾವ ಊರಲ್ಲೂ ಇರಲಿಕ್ಕಿಲ್ಲ.

ಆ ಮೆಂಬರರ ಕೈಯಲ್ಲಿ ಏನಿದೆ? ಸಭೆಯಲ್ಲಿ ಎದ್ದು ನಿಂತು ಹೇಳಬಹುದು, ಮುಖ್ಯಾಧಿಕಾರಿಗೆ ಅರ್ಜಿ ಬರೆಯಬಹುದು. ಹಣ ಬೆಂಗಳೂರು, ದಿಲ್ಲಿಯಿಂದ ಬರುತ್ತದೆ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ಇಂಥ ಊರುಗಳಿಗೆ ಗೊತ್ತುಮಾಡಿದ ಅನುದಾನದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕುಡಿಯುವ ನೀರು, ನೈರ್ಮಲ್ಯಗಳಿಗೆ ಮೊದಲೇ ಕಟ್ಟಿಹಾಕಿತ್ತು. ಎರಡೂ ಬೇಕಾದ ಕೆಲಸಗಳೇ. ಆದರೆ ಈ ಊರಿಗೆ ಈ ವರ್ಷ ಮೊದಲು ಬೇಕಾದದ್ದು ಯಾವುದು ಎಂಬ ಪ್ರಶ್ನೆಯನ್ನು ಊರಿಗೆ ಕೇಳುವ ಮೊದಲೇ ಉತ್ತರ ಬರೆದಿಟ್ಟಂತಾಯಿತು. ಬೈಸಿಕೊಳ್ಳುವವರಿಗೆ ಅಧಿಕಾರವಿಲ್ಲ, ಅಧಿಕಾರವಿದ್ದವರು ಬೈಯಲು ಸಿಗುವುದಿಲ್ಲ. ನಮ್ಮ ಸಣ್ಣ ಊರುಗಳ ಆಡಳಿತದ ಮೂಲ ಕೊರತೆ ಇದೇ ಎಂದು ನಾನು ನಂಬಿದ್ದೇನೆ.

ಇದಕ್ಕೆ ಚಹಾದ ಅಂಗಡಿಯಿಂದ ಹಿಡಿದು ವಿದ್ಯಾವಂತರ ಬೈಠಕ್ಕಿನವರೆಗೆ ಕೇಳಿಬರುವ ಪರಿಹಾರ ಒಂದಿದೆ. ಈ ಮೆಂಬರುಗಳು, ಈ ಅಧ್ಯಕ್ಷ-ಉಪಾಧ್ಯಕ್ಷರು ಯಾಕೆ ಬೇಕು? ಒಬ್ಬ ಖಡಕ್ ಅಧಿಕಾರಿ, ನಾಲ್ಕು ಜನ ಇಂಜಿನಿಯರು ಇದ್ದರೆ ಸಾಕು, ಊರು ಚೊಕ್ಕಟವಾಗುತ್ತದೆ ಎಂಬ ವಾದ. ಇದನ್ನು ಹಗುರವಾಗಿ ತಳ್ಳಿಹಾಕಲು ಬರುವುದಿಲ್ಲ, ಯಾಕೆಂದರೆ ಅದಕ್ಕೆ ನಮ್ಮ ಜಿಲ್ಲಾಕೇಂದ್ರ ಬಾಗಲಕೋಟೆಯೇ ಬಲವಾದ ಸಾಕ್ಷಿ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿ ಅಣೆಕಟ್ಟೆಗೆ ಅಡಿಗಲ್ಲಿಟ್ಟರು. ಹಿನ್ನೀರು ಹಳೆಯ ಬಾಗಲಕೋಟೆಯ ದೊಡ್ಡ ಭಾಗವನ್ನೂ ಬೀಳಗಿ ತಾಲ್ಲೂಕಿನ ಹಲವು ಹಳ್ಳಿಗಳನ್ನೂ ತೆಗೆದುಕೊಳ್ಳುವುದೆಂದು ಗೊತ್ತಾದ ಮೇಲೆ 1983ರ ಕಾಯಿದೆಯ ಮೂಲಕ ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರ ಹುಟ್ಟಿತು. ಚಾರ್ಲ್ಸ್ ಕೊರಿಯಾ ಅವರಂಥ ವಾಸ್ತುಶಿಲ್ಪಿ ಹೊಸ ಊರಿನ ಯೋಜನೆಗೆ ಕೈಹಾಕಿದರು. ಸೆಕ್ಟರು ಸೆಕ್ಟರಾಗಿ ನವನಗರ ಎದ್ದಿತು. ಅಗಲ ರಸ್ತೆ, ಒಳಚರಂಡಿ, ದೀಪ, ನೀರು, ಶಾಲೆಗೆ ಜಾಗ, ಎಲ್ಲವನ್ನೂ ಪ್ರಾಧಿಕಾರ ಕಟ್ಟಿತು. ಮನೆಮಠ ಮುಳುಗುತ್ತಿದ್ದ ಹೊತ್ತಿನಲ್ಲಿ ಒಂದು ಪುರಸಭೆ ಇಷ್ಟು ದೊಡ್ಡ ಕೆಲಸ ಹೊತ್ತು ದಡ ಸೇರಿಸುತ್ತಿತ್ತೆಂದು ನಾನು ವಾದಿಸಲಾರೆ. ಆಲಮಟ್ಟಿಯ ನೀರಿನ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸಿದ ದಿನ ಇನ್ನಷ್ಟು ಜನ ಮನೆ ಬಿಡಬೇಕಾಗುತ್ತದೆ. ಆಗಲೂ ಇಂಥದೇ ಪ್ರಾಧಿಕಾರದ ಬಲ ಬೇಕು.

ಆದರೆ ಊರು ಕಟ್ಟುವುದು ಒಂದು ಸಲದ ಕೆಲಸ, ಊರು ನಡೆಸುವುದು ದಿನದಿನದ ಕೆಲಸ. ಕಟ್ಟುವಾಗ ಬೇಕಾಗುವುದು ಲೆಕ್ಕ, ಅಳತೆ, ಹಣ, ಗಡುವು. ನಡೆಸುವಾಗ ಎದುರಾಗುವ ಪ್ರಶ್ನೆಗಳಲ್ಲಿ ಬಹುಪಾಲು ಅಳತೆಗೆ ಸಿಗುವಂಥವಲ್ಲ.

ನೀರು ಬಿಡುವ ಕೆಲಸಗಾರನ ಹಿಂದೆ ಒಂದು ಬೆಳಿಗ್ಗೆ ನಡೆದರೆ ಇದು ಕಣ್ಣಿಗೆ ಬೀಳುತ್ತದೆ. ಹೆಗಲ ಮೇಲೆ ಆಳುದ್ದದ ಕಬ್ಬಿಣದ ಚಾವಿ ಹೊತ್ತು ಬರುತ್ತಾನೆ. ರಸ್ತೆಯ ಅಂಚಿನ ಗುಂಡಿಯ ಮುಚ್ಚಳ ಸರಿಸಿ, ಕೆಸರಿನಲ್ಲಿ ಮುಳುಗಿದ ವಾಲ್ವಿನ ತಲೆಗೆ ಚಾವಿ ಸಿಕ್ಕಿಸಿ, ಮೈಭಾರ ಬಿಟ್ಟು ತಿರುಗಿಸುತ್ತಾನೆ. ಎಷ್ಟು ಸುತ್ತು ಎಂಬುದು ಅವನ ಕೈಗೆ ಗೊತ್ತು. ಎರಡು ಸುತ್ತು ಹೆಚ್ಚಾದರೆ ತಗ್ಗಿನ ಮನೆಗಳಲ್ಲಿ ನೀರು ಕೊಡ ತುಂಬಿ ಹೊರಗೆ ಹರಿಯುತ್ತದೆ, ದಿನ್ನೆಯ ಮನೆಗಳ ನಳ ಬರೀ ಗಾಳಿ ಉಗುಳುತ್ತದೆ. ತಗ್ಗಿನವರಲ್ಲಿ ನಾಲ್ಕು ಮನೆಯವರು ನಳಕ್ಕೇ ಮೋಟಾರು ಹಚ್ಚಿದರೆ ದಿನ್ನೆಗೆ ಗಾಳಿಯೂ ಏರುವುದಿಲ್ಲ. ಕೃಷ್ಣೆ, ಘಟಪ್ರಭೆಗಳ ನಡುವೆ ಇರುವ ತಾಲ್ಲೂಕಿನಲ್ಲೂ ಬೇಸಿಗೆ ಬಂತೆಂದರೆ ಮಾತೆಲ್ಲ ನಳದ ಸರದಿಯದೇ.

ಪೈಪಿನ ಒತ್ತಡ ಎಷ್ಟು, ದಿನ್ನೆ ಎಷ್ಟು ಎತ್ತರ ಎಂದು ಇಂಜಿನಿಯರು ಲೆಕ್ಕ ಹಾಕಿ ಹೇಳಬಲ್ಲರು, ಅವರೇ ಹೇಳಬೇಕು. ಆದರೆ ತಗ್ಗಿನ ಓಣಿಗೆ ಅರ್ಧ ತಾಸು ಕಡಿಮೆ ಮಾಡಿ ದಿನ್ನೆಗೆ ಕೊಡಬೇಕೇ ಎಂಬುದು ಒತ್ತಡದ ಲೆಕ್ಕವಲ್ಲ, ನ್ಯಾಯದ ಪ್ರಶ್ನೆ. ದಿನ್ನೆಯ ಕಡೆಯ ಮನೆಯ ಹೆಣ್ಣುಮಗಳು ಎಂಟಕ್ಕೆ ಕೂಲಿಗೆ ಹೋಗುತ್ತಾಳೆ. ಹತ್ತಕ್ಕೆ ಬಿಟ್ಟ ನೀರು ದಾಖಲೆಯಲ್ಲಿ ಅವಳ ವಾರ್ಡಿಗೆ ಬಂದಿರುತ್ತದೆ, ಅವಳ ಕೊಡಕ್ಕೆ ಬಂದಿರುವುದಿಲ್ಲ. ಇದು ಯಾವ ನಕ್ಷೆಯಲ್ಲೂ ಇರುವ ಸಂಗತಿಯಲ್ಲ, ಆ ಓಣಿಯಲ್ಲಿ ಬದುಕುವವರಿಗೆ ಮಾತ್ರ ತಿಳಿಯುವಂಥದು. ಯಾವ ಗಟಾರ ಮೊದಲು, ಯಾವ ರಸ್ತೆಗೆ ಈ ವರ್ಷ ಸಿ.ಸಿ., ಸಂತೆಯ ದಿನ ಕಾಯಿಪಲ್ಲೆ ಮಾರುವವರು ಎಲ್ಲಿ ಕೂಡಬೇಕು, ಇವೆಲ್ಲ ಇದೇ ಜಾತಿಯ ಪ್ರಶ್ನೆಗಳು. ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರಿಗೆ ತಡವಾಗುತ್ತದೆ. ತಡವಾದವನಿಗೆ ಯಾಕೆ ತಡವಾಯಿತೆಂದು ಅವನ ಮುಖ ನೋಡಿ ಹೇಳಬೇಕಾದವರು ಒಬ್ಬರು ಬೇಕು. ಮೂರು ವರ್ಷಕ್ಕೆ ವರ್ಗವಾಗಿ ಹೋಗುವ ಅಧಿಕಾರಿ ಎಷ್ಟೇ ಪ್ರಾಮಾಣಿಕನಾಗಿದ್ದರೂ ಈ ಹೊಣೆಯನ್ನು ಹೊರಲಾರ. ಅವನು ಲೆಕ್ಕ ಒಪ್ಪಿಸುವುದು ಮೇಲಿನವರಿಗೆ.

ಬ್ರಿಟಿಷರ ಕಾಲದಲ್ಲಿಯೇ ಈ ವಿಚಾರ ಒಬ್ಬ ವೈಸರಾಯರಿಗೆ ಹೊಳೆದಿತ್ತು. 1882ರ ಮೇ 18ರ ನಿರ್ಣಯದಲ್ಲಿ ಲಾರ್ಡ್ ರಿಪ್ಪನ್, ಸ್ಥಳೀಯ ಸಂಸ್ಥೆಗಳು ಬೇಕಾದದ್ದು ಕೆಲಸ ಚುರುಕಾಗಲಿ ಎಂಬುದಕ್ಕಿಂತ ಮೊದಲಾಗಿ ಜನರಿಗೆ ರಾಜಕೀಯ ಶಿಕ್ಷಣ ಸಿಗಲಿ ಎಂಬುದಕ್ಕೆ ಎಂಬರ್ಥದ ಮಾತು ಬರೆಸಿದ. ಆಳುವವನ ಬಾಯಲ್ಲಿ ಅದು ಎಷ್ಟು ನಿಜವಾಗಿತ್ತೋ, ಮಾತಂತೂ ನಿಜ. ಜವಾಹರಲಾಲ್ ನೆಹರೂ ಅಲಹಾಬಾದಿನ, ವಲ್ಲಭಭಾಯಿ ಪಟೇಲ್ ಅಹಮದಾಬಾದಿನ ಪುರಸಭೆಯಲ್ಲಿ ಕಸ, ನೀರು, ತೆರಿಗೆಗಳ ಜೊತೆ ಹೆಣಗಿದವರು. ನಮ್ಮ ಪಕ್ಕದ ಜಮಖಂಡಿಯ ಉದಾಹರಣೆ ಇನ್ನೂ ಹತ್ತಿರದ್ದು. ಜಮಖಂಡಿ ಪಟವರ್ಧನರ ಸಂಸ್ಥಾನವಾಗಿತ್ತು, ಮುಧೋಳ ಘೋರ್ಪಡೆಯವರದು. ಅಲ್ಲಿ ಕೆರೆ, ಶಾಲೆ, ರಸ್ತೆ ದೊರೆಯ ಕೃಪೆಯಿಂದ ಆಗಬೇಕಾದ ಕಾಲದಲ್ಲಿ ಸಾವಳಗಿಯ ಬಿ.ಡಿ. ಜತ್ತಿ ಎಂಬ ತರುಣ ವಕೀಲರು 1940ರಲ್ಲಿ ಜಮಖಂಡಿ ಪುರಸಭೆಯ ಸದಸ್ಯರಾದರು, ಮುಂದೆ ಅದರ ಅಧ್ಯಕ್ಷರಾದರು. ಆ ಮೇಲೆ ಸಂಸ್ಥಾನದ ಮಂತ್ರಿ, 1958ರಿಂದ 62ರವರೆಗೆ ಮೈಸೂರು ರಾಜ್ಯದ ಮುಖ್ಯಮಂತ್ರಿ, 1974ರಲ್ಲಿ ಉಪರಾಷ್ಟ್ರಪತಿ, 1977ರಲ್ಲಿ ಕೆಲ ತಿಂಗಳು ಹಂಗಾಮಿ ರಾಷ್ಟ್ರಪತಿ. ದೊಡ್ಡ ಹುದ್ದೆಗಳ ಪಟ್ಟಿ ಎಂದು ಇದನ್ನು ಹೇಳುತ್ತಿಲ್ಲ. ದೊರೆಯ ಊರಿನಲ್ಲಿ ಪ್ರಜೆಯೊಬ್ಬ ಊರ ಕೆಲಸವನ್ನು ಬೇಡುವುದರ ಬದಲು ತಾನೇ ಕೂತು ತೀರ್ಮಾನಿಸುವುದನ್ನು ಕಲಿಯಲು ಇದ್ದ ಜಾಗ ಪುರಸಭೆ ಎಂಬುದಕ್ಕೆ ಹೇಳುತ್ತಿದ್ದೇನೆ. ಅಧ್ಯಕ್ಷನಿಲ್ಲದೆ ಆಡಳಿತಾಧಿಕಾರಿ ನಡೆಸುವ ಪುರಸಭೆ ರಸ್ತೆ ಮಾಡಬಹುದು, ಈ ಕಲಿಕೆಯನ್ನು ಕೊಡಲಾರದು.

ಈಗ ನಿಜವಾದ ಆಕ್ಷೇಪಕ್ಕೆ ಬರುತ್ತೇನೆ. ಊರವರ ಕೈಗೆ ಅಧಿಕಾರ ಕೊಟ್ಟರೆ ಅದು ಸೇರುವುದು ಊರಿನ ಬಲಿಷ್ಠರ ಕೈಗೆ. ಡಾ. ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯ ಸ್ವಯಮಾಡಳಿತದ ಬಗ್ಗೆ ಆಡಿದ ಕಟುವಾದ ಮಾತುಗಳ ಹಿಂದಿದ್ದದ್ದು ಪುಸ್ತಕದ ಓದಷ್ಟೇ ಅಲ್ಲ, ಊರ ಹೊರಗೆ ಇರಿಸಲ್ಪಟ್ಟವರ ಬದುಕು. ಯಾವ ಊರಿಗೇ ಹೋಗಿ, ಮೊದಲು ಸಿ.ಸಿ. ಕಂಡ ಓಣಿ ಯಾರದು, ಕಡೆಗೆ ಕಂಡ ಕೇರಿ ಯಾರದು ಎಂದು ವಿಚಾರಿಸಿದರೆ ಅಂಬೇಡ್ಕರರ ಮಾತಿಗೆ ಸಾಕ್ಷಿ ಸಿಗುತ್ತದೆ. ಕಟ್ಟಿದ ಗಟಾರಕ್ಕೆ ಸಲಿಕೆ ಹಿಡಿದು ಇಳಿಯುವ ಪೌರಕಾರ್ಮಿಕರು ಯಾವ ಸಮುದಾಯದವರು ಎಂದು ಕೇಳಿದರೆ ಇನ್ನೂ ಸಿಗುತ್ತದೆ. ಮಲಹೊರುವ ಪದ್ಧತಿಯ ವಿರುದ್ಧ 1993ರಲ್ಲೊಮ್ಮೆ, 2013ರಲ್ಲೊಮ್ಮೆ ಕಾನೂನು ತರಬೇಕಾಯಿತು ಎಂಬುದು ನಮ್ಮ ಊರುಗಳ ಮೇಲಿನ ತೀರ್ಪು.

ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಅದರಿಂದ ಊರ ಸಭೆಯನ್ನೇ ಕೈಬಿಡಬೇಕೆಂಬ ತೀರ್ಮಾನವನ್ನು ಒಪ್ಪುವುದಿಲ್ಲ. ಮೇಲಿನಿಂದ ಬಂದ ಅಧಿಕಾರಿಯ ಕಿವಿಯನ್ನು ಮೊದಲು ತಲುಪುವವರೂ ಆ ಬಲಿಷ್ಠರೇ. ಕೇರಿಯವರಿಗೆ ಕಚೇರಿಯ ಬಾಗಿಲಲ್ಲಿ ನಿಲ್ಲುವುದಕ್ಕಿಂತ ಸಭೆಯಲ್ಲಿ ಕುರ್ಚಿ ಇರುವುದು ಮೇಲು. 1993ರ ಜೂನ್ 1ರಿಂದ ಜಾರಿಗೆ ಬಂದ 74ನೇ ತಿದ್ದುಪಡಿ ಆ ಕುರ್ಚಿಯನ್ನು ಖಾತ್ರಿ ಮಾಡಿತು. ಪರಿಶಿಷ್ಟರಿಗೆ ಜನಸಂಖ್ಯೆಗೆ ತಕ್ಕಷ್ಟು, ಹೆಣ್ಣುಮಕ್ಕಳಿಗೆ ಮೂರರಲ್ಲಿ ಒಂದಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನ, ಐದು ವರ್ಷಕ್ಕೆ ತಪ್ಪದೆ ಚುನಾವಣೆ, ಹನ್ನೆರಡನೇ ಪರಿಚ್ಛೇದದಲ್ಲಿ ರಸ್ತೆ, ನೀರು, ಬೀದಿದೀಪ, ಸ್ಮಶಾನ ಸೇರಿ 18 ವಿಷಯಗಳು. ಅಂಬೇಡ್ಕರ್ ಎತ್ತಿದ ಪ್ರಶ್ನೆಗೆ ಉತ್ತರ ಶುರುವಾಗುವುದೇ ಇಲ್ಲಿಂದ.

ಆ ಉತ್ತರವನ್ನು ನಾವು ಹೇಗೆ ನಡೆಸಿಕೊಂಡೆವು? 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಗಳಿಗೆ ಮತದಾನವಾಯಿತು. ಅಧ್ಯಕ್ಷ-ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಯಿತು. ಗೆದ್ದವರು ಎರಡು ವರ್ಷ ಕೈಕಟ್ಟಿ ಕೂತರು, ಅಧ್ಯಕ್ಷರ ಆಯ್ಕೆಯಾದದ್ದು 2020ರ ಕೊನೆಗೆ. 30 ತಿಂಗಳ ಮೊದಲ ಅವಧಿ 2023ರಲ್ಲಿ ಮುಗಿದ ಮೇಲೂ ಎರಡನೆಯ ಅವಧಿಯ ಪಟ್ಟಿಗೆ 2024ರ ಆಗಸ್ಟ್‌ವರೆಗೆ ಕಾಯಬೇಕಾಯಿತು. ದನಿಯಿಲ್ಲದವರಿಗೆ ದನಿ ಕೊಡಲೆಂದು ಬಂದ ಮೀಸಲಾತಿಯ ಪಟ್ಟಿಯನ್ನು ಸಕಾಲದಲ್ಲಿ, ತಕರಾರಿಲ್ಲದಂತೆ ತಯಾರಿಸದೆ ಹೋದದ್ದರಿಂದ ಊರಿಗೆ ಊರೇ ದನಿ ಕಳೆದುಕೊಂಡಿತು. ಆ ವರ್ಷಗಳಲ್ಲೂ ನೀರು ಬಂತು, ಕಸದ ಗಾಡಿ ಬಂತು. ಅದಕ್ಕೇ ಹೆಚ್ಚಿನವರಿಗೆ ಏನೂ ಕಳೆದುಹೋಯಿತೆಂದು ಅನಿಸಲಿಲ್ಲ. ನನಗೆ ಆತಂಕವಾಗುವುದು ಇಲ್ಲಿಯೇ. ಶಾಸಕರಿಲ್ಲದೆ ಎರಡು ವರ್ಷ ನಡೆದಿದ್ದರೆ ಬೀಳಗಿಯ ಜನ ಬೀದಿಗಿಳಿಯುತ್ತಿದ್ದರು.

ನಮ್ಮ ಪಾಲೂ ಇದರಲ್ಲಿದೆ. ಮನೆಪಟ್ಟಿ, ನಳದ ಪಟ್ಟಿ ಕಟ್ಟುವುದನ್ನು ಉತಾರ ಬೇಕಾಗುವ ದಿನದವರೆಗೆ ಮುಂದೂಡುವ ಊರಿಗೆ ಪ್ರಶ್ನೆ ಕೇಳುವ ಗಟ್ಟಿ ದನಿ ಬರುವುದಿಲ್ಲ. ಊರಿನ ಹಣದಿಂದಲೇ ಊರ ಗಟಾರ ಆದರೆ ಲೆಕ್ಕ ಕೇಳುವ ಹಕ್ಕು ತಾನಾಗಿ ಬರುತ್ತದೆ.

ಆದರೆ ಕೇಳುವುದಾದರೂ ಎಲ್ಲಿ ಕೇಳಬೇಕು? ಬೀಳಗಿಯ ಪಕ್ಕದ ಗ್ರಾಮ ಪಂಚಾಯಿತಿಯ ಮತದಾರನಿಗೆ ಗ್ರಾಮಸಭೆಯಿದೆ. ವರ್ಷಕ್ಕೆ ಎರಡು ಬಾರಿಯಾದರೂ ಅದು ಸೇರಬೇಕು, ಮತಪಟ್ಟಿಯಲ್ಲಿ ಹೆಸರಿದ್ದ ಯಾರಾದರೂ ಎದ್ದು ಅಧ್ಯಕ್ಷರನ್ನು ಕೇಳಬಹುದು. ಅಲ್ಲಿ ಎಷ್ಟೋ ಸಭೆ ಸಹಿಯಲ್ಲೇ ಮುಗಿಯುತ್ತವೆ ನಿಜ, ಆದರೂ ಹಕ್ಕು ಕಾಗದದ ಮೇಲಾದರೂ ಇದೆ. ಮೂರು ಲಕ್ಷ, ಅದಕ್ಕೂ ಹೆಚ್ಚು ಜನರಿರುವ ನಗರಕ್ಕೆ ಸಂವಿಧಾನ ವಾರ್ಡ್ ಸಮಿತಿಗಳನ್ನು ಕಡ್ಡಾಯ ಮಾಡಿದೆ. ಕರ್ನಾಟಕದ ಕಾಯಿದೆಯಂತೆ ಪಟ್ಟಣ ಪಂಚಾಯಿತಿ ಎಂದರೆ ಹತ್ತರಿಂದ ಇಪ್ಪತ್ತು ಸಾವಿರ ಜನರ ಊರು. ಬೀಳಗಿ ಇರುವುದು ಈ ಗುಂಪಿನಲ್ಲಿ. ಹಳ್ಳಿಯ ಗ್ರಾಮಸಭೆ ಅದಕ್ಕಿಲ್ಲ, ನಗರದ ವಾರ್ಡ್ ಸಮಿತಿಯನ್ನು ಸಂವಿಧಾನ ಅದಕ್ಕೆ ಕಡ್ಡಾಯ ಮಾಡಿಲ್ಲ. ರಬಕವಿ-ಬನಹಟ್ಟಿ ಎರಡು ನೇಕಾರ ಊರುಗಳನ್ನು ಕೂಡಿಸಿದ ನಗರಸಭೆ, ರಾಂಪುರ, ಹೊಸೂರುಗಳೂ ಅದರೊಳಗಿವೆ. ಮೂರು ಲಕ್ಷದ ಗೆರೆ ಅದಕ್ಕೂ ದೂರ. ಗ್ರಾಮ ಪಂಚಾಯಿತಿ ಮೇಲ್ದರ್ಜೆಗೆ ಏರಿ ಪಟ್ಟಣ ಪಂಚಾಯಿತಿಯಾಯಿತೆಂದು ಪಟಾಕಿ ಹಾರಿಸುವ ದಿನವೇ ಅಲ್ಲಿನ ಮತದಾರ ಸಭೆಯಲ್ಲಿ ಎದ್ದು ಕೇಳುವ ಹಕ್ಕನ್ನು ಕಳೆದುಕೊಳ್ಳುತ್ತಾನೆ.

ಹಾಗಾಗಿ ಕಂಬ ಯಾರದು, ಪೈಪು ಯಾರದು ಎಂಬ ಜಗಳ ತೀರುವ ಮೊದಲೇ ಆಗಬಹುದಾದ ಕೆಲಸ ಒಂದಿದೆ. ಪ್ರತಿ ವಾರ್ಡಿನಲ್ಲಿ ವರ್ಷಕ್ಕೆರಡು ಸಲ ಮತದಾರರ ಸಭೆ ಸೇರಲಿ. ಮೆಂಬರು, ಮುಖ್ಯಾಧಿಕಾರಿ ಜೊತೆಗೆ ಹೆಸ್ಕಾಂ, ನೀರು ಮಂಡಳಿ, ಲೋಕೋಪಯೋಗಿ ಇಲಾಖೆಯವರೂ ಬಂದು ಅಲ್ಲಿ ಕೂಡಲಿ. ಆ ವಾರ್ಡಿಗೆ ಖರ್ಚಾದ ಹಣದ ಲೆಕ್ಕವನ್ನು ಓದಿ ಹೇಳಲಿ. ಪೌರಕಾರ್ಮಿಕರೂ ದಿನ್ನೆಯ ಕಡೆಯ ಮನೆಯವರೂ ಬರಬಹುದಾದ ಹೊತ್ತಿಗೆ ಸಭೆ ಕರೆಯಲಿ. ಇದಕ್ಕೆ ಸಂವಿಧಾನದ ತಿದ್ದುಪಡಿ ಬೇಕಿಲ್ಲ, ರಾಜ್ಯದ 1964ರ ಪುರಸಭೆಗಳ ಕಾಯಿದೆಗೆ ವಿಧಾನಮಂಡಲ ಒಂದು ಕಲಮು ಸೇರಿಸಿದರೆ ಸಾಕು. ಮುಂದಿನ ಸಲ ನಿಮ್ಮ ಓಣಿಗೆ ಓಟು ಕೇಳಲು ಬಂದವರಿಗೆ, ಮೆಂಬರಾಗುವವರಿರಲಿ, ಶಾಸಕರಾಗುವವರಿರಲಿ, ಗಟಾರದ ಜೊತೆಗೆ ಇದನ್ನೂ ಕೇಳಿ.