ಅವ್ವ ಏನು ಉಂಡಳು?



ನಿನ್ನೆ ರಾತ್ರಿ ನಿಮ್ಮ ಮನೆಯಲ್ಲಿ ಎಲ್ಲರಿಗಿಂತ ಕೊನೆಗೆ ಉಂಡವರು ಯಾರು? ಅವರ ತಾಟಿನಲ್ಲಿ ಏನಿತ್ತು? ಈ ಎರಡು ಪ್ರಶ್ನೆಗಳಿಗೆ ಮನಸ್ಸಿನಲ್ಲೇ ಉತ್ತರ ಹೇಳಿಕೊಂಡು ಮುಂದೆ ಓದಿರಿ. ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದಕ್ಕೆ ನಮ್ಮಲ್ಲಿ ಬಹಳ ಮಂದಿ, ಅದರಲ್ಲೂ ಗಂಡಸರು, ತಡವರಿಸುತ್ತೇವೆ. ಒಂದು ದಿನ ನಾನೂ ಹಾಗೆಯೇ ತಡವರಿಸಿದೆ. ಅಂದು ಮನಸ್ಸಿಗೆ ಚುಚ್ಚಿದ ಮುಳ್ಳು ಇಂದಿಗೂ ಹೊರಬಂದಿಲ್ಲ.

ನಾನು ಬೆಳೆದದ್ದು ಶಹಾಪುರದಲ್ಲಿ. ಮನೆಯಲ್ಲಿ ಏಳು ಜನ. ಸಂಜೆ ಕುಟುಂಬ ಪ್ರಾರ್ಥನೆ ಮುಗಿಸಿ, ಜಪಸರವನ್ನು ಗೂಟಕ್ಕೆ ತೂಗುಹಾಕಿದ ಮೇಲೆ ಊಟ. ನಾವೆಲ್ಲ ಸಾಲಾಗಿ ಕೂತರೆ ಅವ್ವ ಒಲೆಯ ಮುಂದೆ ಕೂರುವಳು. ಜೋಳದ ರೊಟ್ಟಿಯ ಕೆಲಸ ನಿಮಗೆ ಗೊತ್ತೇ ಇದೆ. ಗೋಧಿ ಹಿಟ್ಟಿಗಿರುವ ಜಿಗುಟು ಜೋಳದ ಹಿಟ್ಟಿಗಿಲ್ಲ. ಕುದಿಯುವ ನೀರು ಹಾಕಿ ನಾದಬೇಕು, ಅಂಗೈಯಿಂದ ಬಡಿದು ಅಗಲ ಮಾಡಬೇಕು, ಹಂಚಿಗೆ ಹಾಕಿ ಮೇಲೆ ನೀರು ಸವರಬೇಕು, ತಿರುವಿ ಹಾಕಿ ಉಬ್ಬಿಸಬೇಕು. ಒಂದು ರೊಟ್ಟಿ ಹಂಚಿನ ಮೇಲಿರುವಾಗಲೇ ಇನ್ನೊಂದು ಕೈಯಡಿಯಲ್ಲಿರಬೇಕು. ಉಬ್ಬಿದ ರೊಟ್ಟಿ ನೇರವಾಗಿ ನಮ್ಮ ತಾಟಿಗೆ ಬರುತ್ತಿತ್ತು. ಜೊತೆಗೆ ಪುಂಡಿಪಲ್ಯ, ಶೇಂಗಾ ಹಿಂಡಿ, ಒಂದು ಹಸಿ ಉಳ್ಳಾಗಡ್ಡಿ. ಆ ರುಚಿಯನ್ನು ನಾನು ಇವತ್ತಿಗೂ ಮರೆತಿಲ್ಲ.

"ಅವ್ವಾ, ನೀನೂ ಬಾ" ಎಂದು ನಾವು ಒಮ್ಮೊಮ್ಮೆ ಕರೆಯುತ್ತಿದ್ದೆವು. "ನೀವು ಉಣ್ರಿ, ನಂದೇನು ಅವಸರ ಅದ?" ಎನ್ನುವಳು. ನಾವು ಉಂಡು, ಕೈ ತೊಳೆದು, ಹಾಸಿಗೆ ಹಾಸುವ ಹೊತ್ತಿಗೆ ಅಡುಗೆಮನೆಯಲ್ಲಿ ಪಾತ್ರೆಯ ಸಪ್ಪಳ ಕೇಳುತ್ತಿತ್ತು. ಅದು ಅವ್ವನ ಊಟದ ಸಪ್ಪಳವೋ ಪಾತ್ರೆ ತೊಳೆಯುವ ಸಪ್ಪಳವೋ ಎಂದು ಯಾರೂ ಎದ್ದು ಹೋಗಿ ನೋಡಲಿಲ್ಲ.

ವರ್ಷಗಳು ಕಳೆದವು. ಒಂದು ಭಾನುವಾರ ಬಲಿಪೂಜೆಯ ನಡುವೆ ಅವ್ವ ತಲೆ ಸುತ್ತಿ ಕುಸಿದಳು. ಆಸ್ಪತ್ರೆಗೆ ಕರೆದೊಯ್ದೆವು. ರಕ್ತ ಪರೀಕ್ಷೆಯ ಚೀಟಿ ನೋಡಿದ ಡಾಕ್ಟರಮ್ಮ, "ಇವರ ಮೈಯಾಗ ರಕ್ತನೇ ಇಲ್ಲ. ದಿನಾ ಏನು ಉಣ್ತಾರ?" ಎಂದು ಕೇಳಿದರು. "ಎಲ್ಲಾ ಉಣ್ತೀನ್ರಿ" ಎಂದಳು ಅವ್ವ. ಡಾಕ್ಟರಮ್ಮ ಅವಳನ್ನು ಬಿಟ್ಟು ನಮ್ಮ ಕಡೆ ತಿರುಗಿದರು. "ನೀವು ಹೇಳ್ರಿ. ನಿನ್ನೆ ರಾತ್ರಿ ನಿಮ್ಮವ್ವ ಏನು ಉಂಡಾರ?"

ಅಪ್ಪ ಸುಮ್ಮನೆ ನಿಂತಿದ್ದ. ನಾವು ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಒಂದೇ ಸೂರಿನ ಕೆಳಗೆ ಇಷ್ಟು ವರ್ಷ ಬದುಕಿದವರು ನಾವು. ಅವ್ವ ಏನು ಉಂಡಳು ಎಂಬುದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಆಮೇಲೆ ವಿಚಾರಿಸಿದಾಗ ತಿಳಿಯಿತು. ಪಲ್ಯ ನಮ್ಮಲ್ಲೇ ಮುಗಿದ ದಿನ ಅವಳು ಖಾರ ಹಚ್ಚಿಕೊಂಡು ಒಂದು ರೊಟ್ಟಿ ತಿನ್ನುತ್ತಿದ್ದಳು. ಹಿಟ್ಟು ಕಡಿಮೆ ಬಿದ್ದ ದಿನ ಮಜ್ಜಿಗೆ ಕುಡಿದು ಮಲಗುತ್ತಿದ್ದಳು. ಇದನ್ನು ಅವಳು ದೂರಿನಂತೆ ಹೇಳಲಿಲ್ಲ, ನಗುತ್ತಲೇ ಹೇಳಿದಳು. ಆ ನಗು ನಮ್ಮನ್ನು ಬೈಗುಳಕ್ಕಿಂತ ಹೆಚ್ಚು ನೋಯಿಸಿತು.

ವಾಚಕರೇ, ಇಲ್ಲಿ ಏಳುವ ಪ್ರಶ್ನೆ ಸಣ್ಣದಲ್ಲ. ಅಡುಗೆ ಮಾಡಿದವಳು ಕೊನೆಗೆ ಉಣ್ಣುವುದು ಪ್ರೀತಿಯೋ ಅನ್ಯಾಯವೋ? ಪ್ರೀತಿಯೆಂದೇ ನಾವು ಹೇಳುತ್ತ ಬಂದಿದ್ದೇವೆ. ತಾಯಂದಿರ ದಿನ ಭಾಷಣ ಮಾಡುವಾಗ ಇದನ್ನೇ ತ್ಯಾಗವೆಂದು ಹೊಗಳುತ್ತೇವೆ. ಆ ಮಾತು ಪೂರ್ತಿ ಸುಳ್ಳೂ ಅಲ್ಲ. ತನ್ನ ಕೈಯಡುಗೆಯನ್ನು ಮಕ್ಕಳು ಚಪ್ಪರಿಸಿ ತಿನ್ನುವುದನ್ನು ನೋಡುವ ತಾಯಿಯ ಸಂತೋಷ ನಿಜವಾದ ಸಂತೋಷವೇ. ಅದನ್ನು ಅಲ್ಲಗಳೆಯುವ ಹಕ್ಕು ಯಾರಿಗೂ ಇಲ್ಲ. ಆದರೆ ಒಬ್ಬರು ಕೊಡುವುದು ಬೇರೆ, ಉಳಿದವರು ಕೇಳದೆಯೇ ತೆಗೆದುಕೊಳ್ಳುವುದು ಬೇರೆ. ದಿನವೂ ತೆಗೆದುಕೊಂಡು, ಅದಕ್ಕೆ ಅವಳ ತ್ಯಾಗವೆಂದು ಹೆಸರಿಟ್ಟರೆ, ನಮ್ಮ ಲಾಭಕ್ಕೆ ಅವಳ ಪುಣ್ಯದ ಹೊದಿಕೆ ಹೊದಿಸಿದಂತಾಗುತ್ತದೆ.

ನಮ್ಮ ಕಲಬುರ್ಗಿ ಸೀಮೆಗೆ 'ದಾಸೋಹ' ಎಂಬ ಮಾತು ಹೊಸದಲ್ಲ. ಹನ್ನೆರಡನೆಯ ಶತಮಾನದ ಶರಣರು ಕಾಯಕದ ಜೊತೆಗೆ ಇಟ್ಟ ಮಾತು ಅದು. ಕಲಬುರ್ಗಿಯ ಶರಣಬಸವೇಶ್ವರರ ಹೆಸರು ಹೇಳಿದರೆ ಜನರಿಗೆ ಮೊದಲು ನೆನಪಾಗುವುದೂ ದಾಸೋಹವೇ. ಆ ಪದವನ್ನು ಬಿಡಿಸಿ ನೋಡಿರಿ: ದಾಸೋಹಂ, ಅಂದರೆ 'ನಾನು ದಾಸ'. ಬಡಿಸುವವನು ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಮಾತು ಇದು. 'ನೀನು ದಾಸಿ' ಎಂದು ಪಂಕ್ತಿಯಲ್ಲಿ ಕೂತವನು ಬಡಿಸುವವಳಿಗೆ ಹೇಳುವ ಮಾತಲ್ಲ. ಯೇಸುಸ್ವಾಮಿ ತಮ್ಮ ಪ್ರಾಣವನ್ನು ಯಾರೂ ತಮ್ಮಿಂದ ಕಿತ್ತುಕೊಳ್ಳುವುದಿಲ್ಲ, ತಾವಾಗಿಯೇ ಕೊಡುವುದಾಗಿ ಹೇಳಿದ್ದನ್ನೂ ಇದರ ಜೊತೆಗೇ ನೆನೆಯಬೇಕು. ಬೇಡವೆನ್ನುವ ಸ್ವಾತಂತ್ರ್ಯವಿದ್ದೂ ಕೊಟ್ಟದ್ದು ತ್ಯಾಗ. ಆ ಸ್ವಾತಂತ್ರ್ಯವೇ ಇಲ್ಲದಿದ್ದರೆ ಅದು ಬರಿಯ ರೂಢಿ.

"ಬಿಸಿ ರೊಟ್ಟಿ ಉಣ್ಣಬೇಕಾದರೆ ಒಬ್ಬರು ಒಲೆಯ ಮುಂದೆ ಇರಲೇಬೇಕಲ್ಲ, ಏನು ಮಾಡುವುದು?" ಎಂದು ನೀವು ಕೇಳಬಹುದು. ನಾನೂ ಹೀಗೆಯೇ ವಾದಿಸುತ್ತಿದ್ದೆ. ಆದರೆ ನಮ್ಮ ಕಡೆಯ ಅಡುಗೆಮನೆ ಎಷ್ಟು ಬದಲಾಗಿದೆ ನೋಡಿರಿ. ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಅಣೆಕಟ್ಟು 1982ರಲ್ಲಿ ಮುಗಿಯಿತು. ಕಾಲುವೆಯ ನೀರು ಶಹಾಪುರ, ಸುರಪುರಗಳ ಹೊಲಗಳಿಗೆ ಹರಿದು, ಜೋಳ ಬೆಳೆಯುತ್ತಿದ್ದಲ್ಲಿ ಭತ್ತ ಬಂತು. ರಾತ್ರಿಯ ಊಟಕ್ಕೆ ಅನ್ನ ಬಂತು. ಕುಕ್ಕರಿನ ಸೀಟಿ ಕೂಗಿದ ಮೇಲೆ ಅನ್ನಕ್ಕೆ ಯಾರ ಕಾವಲೂ ಬೇಕಿಲ್ಲ. ಗ್ಯಾಸಿನ ಒಲೆಯೂ ಬಂತು, ಹೊಗೆ ಹೋಯಿತು. ಆದರೂ ಅನ್ನ ಸಾರು ಮಾಡಿದ ದಿನವೂ ನಮ್ಮ ತಾಯಂದಿರು ಕೊನೆಗೇ ಉಂಡರು. ಹಾಗಾದರೆ ತಪ್ಪು ರೊಟ್ಟಿಯದಲ್ಲ. ರೊಟ್ಟಿ ನಮಗೊಂದು ನೆಪವಾಗಿತ್ತು, ಅಷ್ಟೇ.

ಈ ನೆಪಕ್ಕೆ ಬೆಲೆ ಕಟ್ಟುವವರು ಯಾರು? 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ 100ಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಕರ್ನಾಟಕದಲ್ಲಿ ಈ ಪ್ರಮಾಣ ಸುಮಾರು ಅರ್ಧ. ಅದೇ ವಯಸ್ಸಿನ ಗಂಡಸರಲ್ಲಿ ದೇಶದಾದ್ಯಂತ 100ಕ್ಕೆ 25. ರಕ್ತಹೀನತೆಗೆ ಕಾರಣಗಳು ಹಲವು, ಹೆಂಗಸರ ದೇಹಧರ್ಮವೂ ಅದರಲ್ಲಿ ಒಂದು. ಎಲ್ಲವನ್ನೂ ಊಟದ ಸರದಿಯ ಮೇಲೆ ಹೊರಿಸಲಾಗದು. ಆದರೆ ಹೆಚ್ಚು ಕಬ್ಬಿಣಾಂಶ ಬೇಕಾದ ದೇಹಕ್ಕೇ ಸೊಪ್ಪು ಬೇಳೆ ತಳ ಕಂಡ ಮೇಲೆ ಸರದಿ ಬರುವುದಾದರೆ, ಅದನ್ನು ವಿಧಿ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಇದು ಅಡುಗೆಮನೆಯ ವಿಷಯ, ವಿಶ್ವಾಸದ ಪುಟಕ್ಕೆ ಏಕೆ ಎನ್ನುವವರು ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 11ನೇ ಅಧ್ಯಾಯವನ್ನು ತೆರೆದು ಓದಲಿ. ಕೊರಿಂಥದ ವಿಶ್ವಾಸಿಗಳು ಪ್ರಭುವಿನ ಭೋಜನಕ್ಕೆ ಸೇರುತ್ತಿದ್ದಾಗ ಕೆಲವರು ತಮ್ಮ ಊಟವನ್ನು ಮೊದಲೇ ಮುಗಿಸಿಬಿಡುತ್ತಿದ್ದರು. ಇಲ್ಲದವರು ಹಸಿದೇ ಇರುತ್ತಿದ್ದರು. ಇದನ್ನು ಕೇಳಿ ಪೌಲರು ಕಡುಕೋಪಗೊಂಡರು. ಹೀಗೆ ಉಂಡರೆ ಅದು ಪ್ರಭುವಿನ ಭೋಜನವೇ ಅಲ್ಲ ಎಂದರು. ಕೊನೆಗೆ ಅವರು ಕೊಟ್ಟ ಮದ್ದು ಬಹಳ ಸರಳವಾದದ್ದು: ಊಟಕ್ಕೆ ಸೇರಿದಾಗ ಒಬ್ಬರಿಗಾಗಿ ಒಬ್ಬರು ಕಾಯಬೇಕು. ಅಲ್ಲಿ ಯಾರ ಕೈಗೂ ನಿಲುಕದ ಉಪದೇಶ ಏನೂ ಇಲ್ಲ. ಪರಮಪ್ರಸಾದದ ಮುಂದೆ ನಾವೆಲ್ಲ ಒಂದೇ ಸಾಲಿನಲ್ಲಿ ನಿಂತು, ಮನೆಗೆ ಬಂದು ಎರಡು ಸಾಲು ಮಾಡಿದರೆ, ಪೌಲರು ನಮ್ಮ ಮನೆಗೂ ಅದೇ ಪತ್ರ ಬರೆಯುತ್ತಿದ್ದರು.

ಸಂತ ಯೊವಾನ್ನರ ಶುಭಸಂದೇಶದ 21ನೇ ಅಧ್ಯಾಯದಲ್ಲಿ ಇನ್ನೊಂದು ಚಿತ್ರವಿದೆ. ಶಿಷ್ಯರು ರಾತ್ರಿಯೆಲ್ಲ ಬಲೆ ಬೀಸಿ ದಣಿದು ದಡಕ್ಕೆ ಬರುತ್ತಾರೆ. ಪುನರುತ್ಥಾನರಾದ ಪ್ರಭು ಅಲ್ಲಿ ಕೆಂಡ ಮಾಡಿ, ಮೀನು ಸುಡುತ್ತ, ರೊಟ್ಟಿ ಸಿದ್ಧವಾಗಿಟ್ಟು ಕಾಯುತ್ತಿದ್ದಾರೆ. ಮರಣವನ್ನು ಗೆದ್ದವರು ಮಾಡಿದ ಕೆಲಸ ನೋಡಿರಿ! ಒಲೆ ಹಚ್ಚುವುದು ಗಂಡಸಿಗೆ ಕಡಿಮೆ ಎನ್ನುವವರು ಆ ದಡಕ್ಕೊಮ್ಮೆ ಹೋಗಿ ಬರಬೇಕು. ಶಿಷ್ಯರು ತಾವು ಹಿಡಿದ ಮೀನುಗಳಲ್ಲೂ ಕೆಲವನ್ನು ತರುವಂತೆ ಪ್ರಭು ಕೇಳಿದರು ಎಂಬುದನ್ನೂ ಗಮನಿಸಿರಿ. ಆ ಊಟದಲ್ಲಿ ಬರಿಯ ಬಡಿಸಿಕೊಳ್ಳುವವರು ಯಾರೂ ಇರಲಿಲ್ಲ.

ಒಟ್ಟಿಗೆ ಉಣ್ಣುವ ದಾರಿಯನ್ನು ನಾವು ದೂರದಿಂದ ತರಬೇಕಾಗಿಲ್ಲ. ನಮ್ಮ ನೆಲಕ್ಕೇ ಅದು ಗೊತ್ತು. ಎಳ್ಳ ಅಮಾವಾಸ್ಯೆಯ ದಿನ ನೆರೆಹೊರೆಯ ಒಕ್ಕಲು ಮನೆಯವರು ನಮ್ಮನ್ನು ಹೊಲಕ್ಕೆ ಕರೆಯುತ್ತಾರೆ. ಸಜ್ಜಿ ರೊಟ್ಟಿ, ಕಡಬು, ಹಲವು ಕಾಯಿಪಲ್ಯ ಕಾಳುಗಳನ್ನು ಕೂಡಿಸಿ ಮಾಡಿದ ಭಜ್ಜಿ, ಹಿಂಡಿ, ಎಲ್ಲವೂ ಮನೆಯಲ್ಲೇ ಸಿದ್ಧವಾಗಿ ಬುಟ್ಟಿಯಲ್ಲಿ ಬರುತ್ತವೆ. ಹೊಲದಲ್ಲಿ ಚರಗ ಚೆಲ್ಲಿದ ಮೇಲೆ ಜೋಳದ ಬೆಳೆಯ ನಡುವೆ ಎಲ್ಲರೂ ಕೂತು ಉಣ್ಣುತ್ತಾರೆ. ಅಡುಗೆ ಮಾಡಿದವಳೂ ಕೂಡುತ್ತಾಳೆ, ಏಕೆಂದರೆ ಅಲ್ಲಿ ಕಾಯಬೇಕಾದ ಒಲೆಯೇ ಇಲ್ಲ. ಇನ್ನು ನಮ್ಮ ಖಡಕ್ ರೊಟ್ಟಿ! ಒಮ್ಮೆ ಬಡಿದು ಒಣಗಿಸಿಟ್ಟರೆ ವಾರಗಟ್ಟಲೆ ಕೆಡದು. ದುಡಿಯಲು ಬೆಂಗಳೂರು, ಮುಂಬಯಿಗೆ ಹೋಗುವ ನಮ್ಮ ಯಾದಗಿರಿಯ ಜನ ಅದನ್ನೇ ಗಂಟು ಕಟ್ಟಿ ಒಯ್ಯುತ್ತಾರೆ. ದೂರದ ಊರಿಗೆ ಸೈ ಎನಿಸಿಕೊಳ್ಳುವ ರೊಟ್ಟಿ, ವಾರಕ್ಕೆ ನಾಲ್ಕು ದಿನ ಮನೆಯ ಎಲ್ಲರೂ ಒಟ್ಟಿಗೆ ಕೂರುವುದಕ್ಕೆ ಸಾಲದೇ?

ಅತಿಥಿಗಳ ವಿಷಯದಲ್ಲೂ ಇದೇ ಮಾತು. ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ನಮ್ಮ ಕುಟುಂಬಗಳು ಕಡಿಮೆ. ಕ್ರಿಸ್ಮಸ್ ದಿನ ನಮ್ಮ ಮನೆ ತುಂಬುವುದು ಅನ್ಯಧರ್ಮದ ಗೆಳೆಯರಿಂದ. ಅದು ದೇವರು ಕೊಟ್ಟ ಭಾಗ್ಯ. ಆದರೆ ಅಂದು ಮನೆಯ ಹೆಂಗಸರು ಉಣ್ಣುವುದು ಸಂಜೆ ನಾಲ್ಕಕ್ಕೆ. ನಮ್ಮಲ್ಲಿ ಕೆಲವರ ಹಿರಿಯರು ಒಂದು ಕಾಲದಲ್ಲಿ ಪರರ ಅಂಗಳದಲ್ಲಿ ದೂರ ನಿಂತು, ಮೇಲಿನಿಂದ ಹಾಕಿದ ರೊಟ್ಟಿಯನ್ನು ಉಡಿಯೊಡ್ಡಿ ಹಿಡಿದವರು. ಕೊನೆಯವರಾಗುವುದು ಎಂದರೇನು ಎಂದು ಅವರ ಮೊಮ್ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಂಥ ನಮ್ಮ ಮನೆಗಳಲ್ಲೇ ಇನ್ನೊಬ್ಬರನ್ನು ಕೊನೆಗೆ ನಿಲ್ಲಿಸಬಹುದೇ? ಕೆಲಸಕ್ಕೆ ಬರುವ ಅಕ್ಕನಿಗೆ ಬೇರೆ ಲೋಟ ಇಡಬಹುದೇ?

ಜಗದ್ಗುರು ಪೋಪ್ ಫ್ರಾನ್ಸಿಸ್ (2013–2025) ಅವರು 2015ರ ನವೆಂಬರ್ 11ರ ಸಾರ್ವಜನಿಕ ಭೇಟಿಯಲ್ಲಿ ಕುಟುಂಬದ ಊಟದ ಬಗ್ಗೆಯೇ ಮಾತನಾಡಿದರು. ಒಟ್ಟಿಗೆ ಉಣ್ಣದ, ಅಥವಾ ಉಣ್ಣುವಾಗ ಮಾತು ಬಿಟ್ಟು ಟಿವಿ, ಮೊಬೈಲು ನೋಡುವ ಕುಟುಂಬ ಹೆಚ್ಚೇನೂ ಕುಟುಂಬವಾಗಿ ಉಳಿದಿಲ್ಲ ಎಂದು ಅವರು ಎಚ್ಚರಿಸಿದರು. ಈ ಎಚ್ಚರಿಕೆಗೆ ನಾನು ಸೇರಿಸುವುದು ಇಷ್ಟೇ: ಒಟ್ಟಿಗೆ ಎಂದರೆ ಅಡುಗೆ ಮಾಡಿದವರೂ ಸೇರಿ.

ನಮ್ಮ ಮನೆಯಲ್ಲಿ ಈಗ ಒಂದು ನಿಯಮವಿದೆ. ಎಲ್ಲರೂ ಕೂರುವವರೆಗೆ ಊಟದ ಪ್ರಾರ್ಥನೆ ಶುರುವಾಗುವುದಿಲ್ಲ. ಮೊದಲ ವಾರ ಬಹಳ ಕಷ್ಟವಾಯಿತು. ಮಕ್ಕಳು ಹಸಿವೆಂದು ಗೊಣಗಿದರು, ನನಗೆ ಆರಿದ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ನನ್ನ ಹೆಂಡತಿಗೇ ಎಲ್ಲರಿಗಿಂತ ಹೆಚ್ಚು ಮುಜುಗರ. "ನಾ ಕುಂತ್ರ ನಿಮಗ ಬಡಿಸೋರ್ಯಾರು?" ಎಂದಳು. ಈಗ ಪಾತ್ರೆಗಳು ನಡುವೆ ಇರುತ್ತವೆ. ಯಾರಿಗೆ ಬೇಕೋ ಅವರು ಬಡಿಸಿಕೊಳ್ಳುತ್ತಾರೆ, ಪಕ್ಕದವರಿಗೂ ಬಡಿಸುತ್ತಾರೆ. ಪಲ್ಯ ಕಡಿಮೆ ಇದ್ದರೆ ಎಲ್ಲರ ಕಣ್ಣಿಗೂ ಬೀಳುತ್ತದೆ, ಎಲ್ಲರೂ ಸ್ವಲ್ಪ ಸ್ವಲ್ಪ ಕಡಿಮೆ ಹಾಕಿಕೊಳ್ಳುತ್ತಾರೆ. ಮೊದಲು ಒಬ್ಬಳೇ ನುಂಗುತ್ತಿದ್ದ ಕೊರತೆಯನ್ನು ಈಗ ಎಲ್ಲರೂ ಹಂಚಿಕೊಳ್ಳುತ್ತೇವೆ.

ನನ್ನ ಅವ್ವ ಈಗಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಕೆಲವು ವರ್ಷ ನಮ್ಮ ಜೊತೆಗೆ ಸಾಲಿನಲ್ಲಿ ಕೂತು ಉಂಡಳು. ಮೊದಲ ದಿನ ತುತ್ತು ಎತ್ತುವಾಗ ಅವಳ ಕೈ ನಾಚಿಕೊಂಡದ್ದನ್ನು ನಾನು ಕಂಡೆ. ಅವಳು ಉಣ್ಣುವುದನ್ನು ನಾನು ಕಣ್ಣಾರೆ ಕಂಡದ್ದು ಅದೇ ಮೊದಲು. ಆಗ ನನಗೆ ಮೂವತ್ತು ದಾಟಿತ್ತು.

ಇಂದು ರಾತ್ರಿ ನಿಮ್ಮ ಮನೆಯಲ್ಲಿ ತಾಟು ಮುಂದೆ ಬಂದಾಗ ಒಂದು ಕ್ಷಣ ಕೈ ತಡೆಯಿರಿ. ಅಡುಗೆಮನೆಯ ಕಡೆ ತಿರುಗಿ ಕರೆಯಿರಿ. "ಆಮ್ಯಾಗ ಉಣ್ತೀನಿ" ಎಂಬ ಉತ್ತರ ಬಂದೇ ಬರುತ್ತದೆ. ಅದನ್ನು ನಂಬಿ ಉಣ್ಣಬೇಡಿರಿ. ಎದ್ದು ಹೋಗಿ, ಇನ್ನೊಂದು ತಾಟು ತಂದಿಟ್ಟು, ಅವರು ಬಂದು ಕೂರುವವರೆಗೆ ಕಾಯಿರಿ.