ಫರಾಮಿರ್ ಎಡವಲೇಬೇಕಿತ್ತೇ?

ಟೋಲ್ಕಿನ್ನರ ‘ದ ಟೂ ಟವರ್ಸ್’ (1954) ಕಾದಂಬರಿಯಲ್ಲಿ, ಲೋಕವನ್ನೇ ಆಳಬಲ್ಲ ಉಂಗುರ ಹೊತ್ತ ಫ್ರೋಡೋ ದಳಪತಿ ಫರಾಮಿರನ ಕೈಗೆ ಸಿಕ್ಕಿಬೀಳುತ್ತಾನೆ. ಸ್ಯಾಮ್ ಬಾಯಿತಪ್ಪಿ ಗುಟ್ಟು ಬಿಟ್ಟುಕೊಟ್ಟಾಗಲೂ ಫರಾಮಿರ್ ಅದನ್ನು ಮುಟ್ಟುವುದಿಲ್ಲ. ಬುತ್ತಿ ಕೊಟ್ಟು ಕಳಿಸುತ್ತಾನೆ. ಪೀಟರ್ ಜಾಕ್ಸನ್ನರ 2002ರ ಸಿನಿಮಾದಲ್ಲಿ ಅವನು ಫ್ರೋಡೋನನ್ನು ಸೆರೆಯಾಳಾಗಿ ಆಸ್ಗಿಲಿಯತ್‌ವರೆಗೆ ಎಳೆದೊಯ್ದು, ಕೊನೆಗೆ ಮನಸ್ಸು ಬದಲಿಸುತ್ತಾನೆ.

ಸಿನಿಮಾದ ವಾದವೂ ಸುಳ್ಳಲ್ಲ: ಎಲ್ಲರನ್ನೂ ಕೆಡಿಸುವ ಉಂಗುರ ಒಬ್ಬನನ್ನು ಮಾತ್ರ ಸುಮ್ಮನೆ ಬಿಟ್ಟರೆ ಪ್ರೇಕ್ಷಕರಿಗೆ ಅದರ ಭಯ ಉಳಿಯುವುದಿಲ್ಲ. ಎಡವಿ ಎದ್ದವನು ನಮಗೆ ಹತ್ತಿರದವನೂ ಹೌದು. ಆದರೆ ಎಡವದವನ ಒಳ್ಳೆಯತನ ನಂಬಲಾಗದ್ದೇ? ಕಾದಂಬರಿಯ ಫರಾಮಿರ್, ಇಂಥ ಗೆಲುವು ತನ್ನ ನಾಡಿಗೆ ಬೇಡವೆಂದು ಮೊದಲೇ ನಿರ್ಧರಿಸಿದವನು. ಲಂಚ ಮುಟ್ಟದ ಗುಮಾಸ್ತರನ್ನು ನಾವು ಕಂಡಿದ್ದೇವೆ. ಅವರ ಮುಖದಲ್ಲಿ ಹೋರಾಟವೇನೂ ಕಾಣುವುದಿಲ್ಲ. ಕ್ಯಾಮೆರಾಕ್ಕೆ ಸಿಗದ ಆ ಗುಣ ಇಲ್ಲವೇ ಇಲ್ಲವೆಂದು ನಂಬತೊಡಗಿದರೆ ನಷ್ಟ ನಮ್ಮದು.