ಬಾಲಕನಿಗೆ ಹೇಳದೆ ಉಳಿದ ಮಾತು

ಸದುದ್ದೇಶದಿಂದ ಆಡಿದ ಅತಿಶಯೋಕ್ತಿಯು ದೋಷವೆನಿಸುವುದೇ? ಕೆಲವು ತಿಂಗಳುಗಳಿಂದ ಈ ಪ್ರಶ್ನೆಯು ನಮ್ಮನ್ನು ಬಾಧಿಸುತ್ತಿದೆ. ಪಾಠಕ್ಕೆ ಬರುತ್ತಿದ್ದ ಹದಿನಾರರ ಬಾಲಕನೊಬ್ಬನು, "ಆಚಾರ್ಯರೇ, ಗಾಂಜಾ ಎಂಬುದು ಒಂದು ಗಿಡವಲ್ಲವೇ? ಸಾಧುಗಳೂ ಸೇದುತ್ತಾರಲ್ಲ, ಕೆಡುಕೇನು?" ಎಂದು ಕೇಳಿದನು. "ಸೇದಿದವನಿಗೆ ಹುಚ್ಚು ಹಿಡಿಯುತ್ತದೆ" ಎಂದು ಗದರಿಸಿ ಕಳುಹಿಸಿದೆವು. ಸೇದುವವರನ್ನು ಅವನು ಕಂಡಿದ್ದನು. ಅವರಿಗೆ ಹುಚ್ಚು ಹಿಡಿದಿರಲಿಲ್ಲ. ಪ್ರತ್ಯಕ್ಷಕ್ಕೆ ವಿರುದ್ಧವಾದ ಮಾತು ಪ್ರಮಾಣವಾಗದೆಂದು ಅವನಿಗೆ ಕಲಿಸಿದವರು ನಾವೇ. ಅಂದಿನಿಂದ ಅವನು ನಮ್ಮನ್ನು ಏನನ್ನೂ ಕೇಳಲಿಲ್ಲ.

ಹಾಗಾದರೆ ಹೇಳಬೇಕಾಗಿದ್ದುದೇನು? ಗಾಂಜಾದ ಅಮಲಿಗೆ ಮುಖ್ಯ ಕಾರಣವಾದ ಟಿ.ಎಚ್.ಸಿ. ಎಂಬ ದ್ರವ್ಯವನ್ನು 1964ರಲ್ಲಿ ಇಸ್ರೇಲಿನ ವಿಜ್ಞಾನಿಗಳು ಬೇರ್ಪಡಿಸಿದರು. ಅವರಲ್ಲೊಬ್ಬರಾದ ರಾಫೆಲ್ ಮೆಶೂಲಮ್ ಅವರ ತಂಡವು 1992ರಲ್ಲಿ, ಮಿದುಳು ತಾನೇ ಉತ್ಪಾದಿಸುವ ಅಂತಹುದೇ ದ್ರವ್ಯವೊಂದನ್ನು ಕಂಡುಹಿಡಿದು, ಸಂಸ್ಕೃತದ 'ಆನಂದ' ಶಬ್ದದಿಂದಲೇ ಅದಕ್ಕೆ ಹೆಸರಿಟ್ಟಿತು. (ಆನಂದಮೀಮಾಂಸೆಯನ್ನು ಓದಿದ ನಮ್ಮ ಪಂಡಿತರು ಈ ನಾಮಕರಣಕ್ಕೆ ಏನೆನ್ನುವರೋ!) ಮಿದುಳು ಅದನ್ನು ಬೇಕಾದಲ್ಲಿ ಬೇಕಾದಷ್ಟೇ ಬಳಸಿಕೊಳ್ಳುತ್ತದೆ. ಹೊರಗಿನಿಂದ ಬಂದ ಟಿ.ಎಚ್.ಸಿ.ಯಾದರೋ ಅದರ ಸ್ಥಾನಗಳನ್ನೇ ಹೊತ್ತುಗೊತ್ತಿಲ್ಲದೆ ಆಕ್ರಮಿಸುತ್ತದೆ. ವಿವೇಚನೆಗೆ ಆಸರೆಯಾದ ಮಿದುಳಿನ ಮುಂಭಾಗವು ಇಪ್ಪತ್ತೈದರ ಆಸುಪಾಸಿನವರೆಗೂ ಬಲಿಯುತ್ತಿರುವುದರಿಂದ, ಹದಿನಾರರಲ್ಲಿ ಈ ಆಕ್ರಮಣವು ಇನ್ನೂ ಕಟ್ಟುತ್ತಿರುವ ಮನೆಯಲ್ಲಿ ನಡೆಯುವಂತಹುದು.

ಸ್ವೀಡನ್ನಿನಲ್ಲಿ 1969-70ರಲ್ಲಿ ಸೈನ್ಯಕ್ಕೆ ಕರೆಸಲ್ಪಟ್ಟ 45,000ಕ್ಕೂ ಮಿಕ್ಕ ತರುಣರನ್ನು ಹದಿನೈದು ವರ್ಷ ಗಮನಿಸಲಾಯಿತು. ಅದಕ್ಕೆ ಮೊದಲೇ 50ಕ್ಕಿಂತ ಹೆಚ್ಚು ಬಾರಿ ಸೇದಿದ್ದವರಲ್ಲಿ, ಎಂದೂ ಸೇದದವರಿಗಿಂತ ಸುಮಾರು ಆರು ಪಟ್ಟು ಹೆಚ್ಚಾಗಿ ಸ್ಕಿಜೋಫ್ರೇನಿಯಾ ಎಂಬ ಚಿತ್ತರೋಗವು ಕಂಡುಬಂದಿತೆಂದು 1987ರಲ್ಲಿ ವರದಿಯಾಯಿತು. ಆದರೆ ಅವರಲ್ಲಿಯೂ ಬಹುಪಾಲು ಜನರಿಗೆ ರೋಗ ಬರಲಿಲ್ಲ. ಕಾರಣ ಗಾಂಜಾ ಎಷ್ಟು, ಜನ್ಮತಃ ಬಂದ ಪ್ರಕೃತಿ ಎಷ್ಟು ಎಂಬ ಚರ್ಚೆಯೂ ಮುಗಿದಿಲ್ಲ. ಹದಿನೈದರೊಳಗೆ ಆರಂಭಿಸಿದವರಿಗೆ ಅಪಾಯ ಹೆಚ್ಚೆಂದು ನ್ಯೂಜಿಲೆಂಡಿನ ಡುನೆಡಿನ್ ಅಧ್ಯಯನವು 2002ರಲ್ಲಿ ತಿಳಿಸಿತು.

ತನ್ನ ದೇಹ ತನ್ನದು ಎನ್ನುವ ಹುಡುಗನ ವಾದವನ್ನು ನಾವು ತಳ್ಳಿಹಾಕುವುದಿಲ್ಲ. ಆದರೆ ಫಲವನ್ನು ಉಣ್ಣುವವನು ಮುಂದೆ ಬರಲಿರುವ ಮೂವತ್ತರ ಗೃಹಸ್ಥ; ಅವನನ್ನು ಕೇಳುವವರಾರು? ಹದಿನೆಂಟು ತುಂಬದವನು ಬರೆದುಕೊಟ್ಟ ಕರಾರನ್ನು ನ್ಯಾಯಾಲಯವು ಮನ್ನಿಸುವುದಿಲ್ಲ, ಶರೀರವಾದರೋ ಮನ್ನಿಸಿಬಿಡುತ್ತದೆ.

ರಕ್ತಸಂಬಂಧಿಗಳಲ್ಲಿ ಆ ವ್ಯಾಧಿ ಇದ್ದವರಿಗೆ ಅಪಾಯವು ಮತ್ತೂ ಹೆಚ್ಚು. ಬೇರೆ ಊರಿನವನಾದ ಆ ಬಾಲಕನ ಚಿಕ್ಕಪ್ಪನವರಿಗೆ ಅದೇ ವ್ಯಾಧಿ ಇದ್ದುದನ್ನು ನಾವು ಬಲ್ಲವರಾಗಿದ್ದೆವು. ಅವನಿಗೆ ಹೇಳಬೇಕಾಗಿದ್ದ ನಿಜವಾದ ಕಾರಣ ಅದೊಂದೇ. ಮನೆಯವರು ಮರ್ಯಾದೆಗೆ ಅಂಜಿ ಮುಚ್ಚಿಟ್ಟ ಸಂಗತಿಯೆಂದು ಅದನ್ನು ನುಂಗಿಕೊಂಡು, ಸುಳ್ಳಾದ ಹೆದರಿಕೆಯನ್ನು ಹೇಳಿದೆವು. ಈಗ ಅವನ ತಂದೆಯವರನ್ನು ಕಂಡು, ಬಹಳ ಹೊತ್ತು ಮಾತನಾಡಿ, ಒಪ್ಪಿಗೆಯನ್ನು ಪಡೆದಿದ್ದೇವೆ. ಅಷ್ಟಮಿಗೆ ಅವನು ವಿದ್ಯಾರ್ಥಿನಿಲಯದಿಂದ ಬರುವನಂತೆ. ನಮ್ಮೊಡನೆ ಕುಳಿತು ಕೇಳುವನೋ ಇಲ್ಲವೋ ತಿಳಿಯದು.